ಶಿರಾದಲ್ಲಿಲ್ಲದ ಶಿರಾದ ಅರಮನೆ

ಪಟ್ಟನಾಯಕನಹಳ್ಳಿಯ ಕಡೆಯಿಂದ ಶಿರಾ ಪೇಟೆಗೆ ಬರುವವರಿಗೆ ಹಳೆಯ ಕೋಟೆ, 1651ರ ಮಲಿಕ್ ರಿಹಾನ್ ಗೋರಿ, 1696ರ ಜುಮ್ಮಾ ಮಸೀದಿ ಇಂದೂ ಕಾಣಸಿಗುತ್ತವೆ. ಆದರೆ ಒಂದು ಕಾಲಕ್ಕೆ ಈ ಊರಿಗೆ ಹೆಸರು ತಂದಿದ್ದ ದಿಲಾವರ್ ಖಾನನ ಅರಮನೆ ಮಾತ್ರ ಕಾಣುವುದಿಲ್ಲ.

1686ರಲ್ಲಿ ಬಿಜಾಪುರ ಮೊಗಲರ ವಶವಾಯಿತು. ಮರುವರ್ಷ ಶಿರಾ ಅವರ ಹೊಸ ಸುಬಾದ ರಾಜಧಾನಿಯಾಯಿತು. 1726ರಿಂದ ಮೂರು ದಶಕ ಇಲ್ಲಿ ಅಧಿಕಾರ ನಡೆಸಿದವನು ದಿಲಾವರ್ ಖಾನ್. ಆಗ ಶಿರಾದಲ್ಲಿ 50 ಸಾವಿರ ಮನೆಗಳಿದ್ದವೆಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಖಾನನ ಅರಮನೆಯೇ ಮಾದರಿ, ಲಾಲ್‌ಬಾಗಿಗೆ ಇಲ್ಲಿನ ಖಾನ್‌ಬಾಗ್ ಪ್ರೇರಣೆ ಎಂಬ ಮಾತೂ ಅವುಗಳಲ್ಲಿದೆ.

ಮುಂದೆ ಊರು ಕೈಯಿಂದ ಕೈಗೆ ಬದಲಾಯಿತು. 1757ರಲ್ಲಿ ಮರಾಠರು, 1761ರಲ್ಲಿ ಹೈದರಾಲಿ, 1766ರಲ್ಲಿ ಮತ್ತೆ ಮರಾಠರು, 1774ರಲ್ಲಿ ಟಿಪ್ಪು. ಶ್ರೀರಂಗಪಟ್ಟಣದ ಬಳಿಯ ಗಂಜಾಮನ್ನು ತುಂಬಿಸಲು ಟಿಪ್ಪು ಇಲ್ಲಿಂದ 12 ಸಾವಿರ ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆನ್ನುತ್ತಾರೆ. ಒಡೆಯರು ಹೋದರು, ಜನರೂ ಹೋದರು. ಕಲ್ಲಿನ ಕಟ್ಟಡಗಳು ತಾಳಿಕೊಂಡವು. ಅರಮನೆ ಉಳಿಯಲಿಲ್ಲ.

ಅದರ ಮಾದರಿಯಲ್ಲಿ ಎದ್ದ ಶ್ರೀರಂಗಪಟ್ಟಣದ ಅರಮನೆಯ ಗತಿಯೂ ಬೇರೆಯಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಅಲ್ಲಿನ ಅರಮನೆಗಳನ್ನು ಬಿಚ್ಚಲಾಯಿತು. ಹಾಗೆ ಬಿಚ್ಚಿದ ತೊಲೆಗಳು ನೀಲಗಿರಿ ಬೆಟ್ಟ ಹತ್ತಿ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡನ್ನು ಹೊತ್ತವು. 1830ರಲ್ಲಿ ಪ್ರತಿಷ್ಠೆಯಾದ ಆ ಚರ್ಚಿನಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ.

ಆಳುವವರು ಬದಲಾದಾಗ ಹೀಗಾಗುವುದು ನಮ್ಮಲ್ಲಿ ಮಾತ್ರವಲ್ಲ. ಪೋಲೆಂಡಿನ ವಾರ್ಸಾ ನಗರದ ನಟ್ಟನಡುವೆ ರಷ್ಯದ ದೊರೆತನ 1894ರಿಂದ 1912ರವರೆಗೆ ಭಾರೀ ಆರ್ಥೊಡಾಕ್ಸ್ ಕೆಥೆಡ್ರಲ್ ಒಂದನ್ನು ಕಟ್ಟಿಸಿತು. ಅದರ ಗಂಟೆ ಗೋಪುರ 70 ಮೀಟರ್ ಎತ್ತರ. ಸ್ವತಂತ್ರ ಪೋಲೆಂಡಿಗೆ ಅದು ದಾಸ್ಯದ ಗುರುತಾಗಿ ಕಂಡಿತು. 1920ರ ದಶಕದ ನಡುವಿನಲ್ಲಿ ಅದನ್ನು ಕೆಡವಲಾಯಿತು. ಅಲ್ಲಿನ ಕೆಲವು ಮೊಸಾಯಿಕ್ ಚಿತ್ರಗಳು ಇಂದು ಬೆಲಾರೂಸಿನ ಬಾರಾನೊವಿಚಿಯ ಚರ್ಚಿನಲ್ಲಿವೆ.

ವಾರ್ಸಾದ್ದು ಹಠ ಹಿಡಿದು ಕೆಡವಿದ್ದು, ಶಿರಾದ್ದು ದಿಕ್ಕಿಲ್ಲದೆ ಅಳಿದದ್ದು. ಆದರೂ ಎರಡರದೂ ಒಂದೊಂದು ತುಣುಕು ಪರಊರಿನಲ್ಲಿ ಉಳಿದಿದೆ. ಬೆಂಗಳೂರಿನ ಕೋಟೆಯ ಬಳಿ 1791ರಲ್ಲಿ ಪೂರ್ಣಗೊಂಡ ಟಿಪ್ಪುವಿನ ತೇಗದ ಅರಮನೆಯ ಕಂಬಗಳ ನಡುವೆ ನಿಂತವರು, ಗೆಜೆಟಿಯರುಗಳ ಮಾತು ನಿಜವಾದರೆ, ಶಿರಾದ ಅರಮನೆಯ ಚಹರೆಯನ್ನೂ ಕಂಡಂತೆಯೇ.