ಸಂಘದ ಹೆಸರಿನ ಜಾಗ

1989ರ ಸುಮಾರಿಗೆ ವಿಜಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಹೆಂಗಸರನ್ನು ಕೂಡಿಸಲು ಹೋದ ಸಹಯೋಗಿನಿಯರು, ಅಂದರೆ ಮಹಿಳಾ ಸಮಖ್ಯಾ ಕಾರ್ಯಕ್ರಮದ ಕಾರ್ಯಕರ್ತೆಯರು, ಮೊದಲು ಎದುರಿಸಿದ್ದು ಒಂದು ಪ್ರಶ್ನೆಯನ್ನು: ‘ನಮಗ ಏನ್ ಕೊಡ್ತೀರಿ?’ ಸರ್ಕಾರದ ಹೆಸರು ಹೇಳಿಕೊಂಡು ಊರಿಗೆ ಬಂದವರು ಅದುವರೆಗೆ ಸಾಲ, ಹೊಲಿಗೆ ಯಂತ್ರ, ಜನತಾ ಮನೆ ಹೀಗೆ ಏನಾದರೊಂದರ ಆಸೆ ತೋರಿಸಿದ್ದರು. ಈ ಹೆಣ್ಣುಮಕ್ಕಳ ಚೀಲದಲ್ಲಿ ಅಂಥದ್ದೇನೂ ಇರಲಿಲ್ಲ. ಕೂಡಿ ಕೂತು ಮಾತಾಡೋಣ, ನಿಮಗೇನು ಬೇಕೆಂಬುದನ್ನು ನೀವೇ ಹೇಳಿ ಎಂಬುದಷ್ಟೇ ಅವರ ಕೋರಿಕೆ. ಹಲವರು ನಂಬಲಿಲ್ಲ. ನಂಬಿ ಬಂದು ಕೂತವರಿಂದ ಈ ಜಿಲ್ಲೆಯ ಮಹಿಳಾ ಸಮಖ್ಯಾದ ಇತಿಹಾಸ ಆರಂಭವಾಯಿತು.

1986ರ ರಾಷ್ಟ್ರೀಯ ಶಿಕ್ಷಣ ನೀತಿ, ಶಿಕ್ಷಣವು ಹೆಣ್ಣಿನ ಸ್ಥಾನಮಾನವನ್ನೇ ಬದಲಿಸುವ ಸಾಧನವಾಗಬೇಕು ಎಂದು ಹೇಳಿತ್ತು. ಆ ಮಾತನ್ನು ಊರಿನ ಮಟ್ಟದಲ್ಲಿ ನಡೆಸಿ ತೋರಿಸಲು ಕೇಂದ್ರ ಸರ್ಕಾರ ನೆದರ್ಲೆಂಡ್ಸ್ ಸರ್ಕಾರದ ನೆರವಿನಿಂದ ಮಹಿಳಾ ಸಮಖ್ಯಾವನ್ನು ಆರಂಭಿಸಿತು. ಉತ್ತರ ಪ್ರದೇಶ, ಗುಜರಾತ್ ಮತ್ತು ಕರ್ನಾಟಕದ ಒಟ್ಟು ಹತ್ತು ಜಿಲ್ಲೆಗಳು ಮೊದಲ ಹಂತಕ್ಕೆ ಆಯ್ಕೆಯಾದವು. ನಮ್ಮ ರಾಜ್ಯದಿಂದ ಮೈಸೂರು, ಬೀದರ್, ವಿಜಾಪುರ. ಕರ್ನಾಟಕದ ಕಾರ್ಯಕ್ರಮದ ಮೊದಲ ನಿರ್ದೇಶಕಿ ಶ್ರೀಲತಾ ಬಾಟ್ಲಿವಾಲಾ. ಆಗಿನ ವಿಜಾಪುರ ಜಿಲ್ಲೆಯಲ್ಲೇ ಸೇರಿದ್ದ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಕೃಷ್ಣೆಯ ಎರಡೂ ದಂಡೆಗಳು ಒಂದೇ ಜಿಲ್ಲೆಗೆ ಸೇರಿದ್ದವು.

ಆ ಜಿಲ್ಲೆಯ ನಡುವೆ ಆಲಮಟ್ಟಿ ಇತ್ತು. ಆಗ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದ ಈ ಊರಿನಲ್ಲಿ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಅವರು ಅಣೆಕಟ್ಟಿಗೆ ಅಡಿಗಲ್ಲು ಇಟ್ಟಿದ್ದರು. ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದ್ದು 2006ರ ಆಗಸ್ಟ್ 21ರಂದು. ನಡುವಿನ ನಾಲ್ಕು ದಶಕಗಳಲ್ಲಿ ಮುಳುಗಡೆ, ಪರಿಹಾರ, ಪುನರ್ವಸತಿ ಎಂಬ ಮಾತುಗಳು ಈ ಭಾಗದ ಮನೆಮನೆಯಲ್ಲಿ ಬಳಕೆಗೆ ಬಂದವು. ಹೊಲದ ಉತಾರದಲ್ಲಿ ಇರುತ್ತಿದ್ದದ್ದು ಬಹುಮಟ್ಟಿಗೆ ಗಂಡಸರ ಹೆಸರು. ಹಾಗಾಗಿ ಪರಿಹಾರದ ಹಣವೂ ಅವರ ಕೈಗೇ ಹೋಗುತ್ತಿತ್ತು. ಹೊಸ ಜಾಗದಲ್ಲಿ ನೀರು, ಉರುವಲು, ನೆರೆಹೊರೆ ಹುಡುಕಿಕೊಳ್ಳುವ ಪಾಡು ಹೆಂಗಸರದು.

ನೀರು ಕಟ್ಟಿದ ಜಿಲ್ಲೆಯಲ್ಲೇ ಬರವೂ ಇತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಒಣಭೂಮಿಯಲ್ಲಿ ಜೋಳ, ಕಡಲೆ, ಸಜ್ಜೆ ಮಳೆಯನ್ನೇ ನಂಬಿದ್ದವು. ಮಳೆ ಕೈಕೊಟ್ಟ ವರ್ಷ ಸಂಸಾರಗಳು ಗಂಟುಮೂಟೆ ಕಟ್ಟಿಕೊಂಡು ಮಹಾರಾಷ್ಟ್ರಕ್ಕೋ ಗೋವೆಗೋ ದುಡಿಯಲು ಹೊರಟುಬಿಡುತ್ತಿದ್ದವು. ದೇವದಾಸಿ ಬಿಡುವುದನ್ನು 1982ರ ಕಾಯ್ದೆ ನಿಷೇಧಿಸಿದ್ದರೂ ಪದ್ಧತಿ ಗುಟ್ಟಾಗಿ ಉಳಿದಿತ್ತು. 1991ರ ಜನಗಣತಿಯ ಹೊತ್ತಿಗೆ ಇಡೀ ರಾಜ್ಯದಲ್ಲೇ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ 44 ಮಂದಿ. ಕೂಲಿ ಕುಟುಂಬಗಳಲ್ಲಿ ಅಷ್ಟೂ ಇರಲಿಲ್ಲ.

ಹೆಂಗಸರು ಕೂಡುವುದು ಈ ನೆಲಕ್ಕೆ ಹೊಸದಲ್ಲ. ಪೇಟೆ ಊರುಗಳಲ್ಲಿ ವಚನ ಹಾಡಲು, ಶರಣೆಯರ ದಿನ ಆಚರಿಸಲು ಅಕ್ಕನ ಬಳಗಗಳು ಸೇರುತ್ತಿದ್ದವು. 1986ರಲ್ಲಿ ಮಲ್ಲಮ್ಮ ಯಾಳವಾರ ಅವರು ವಿಜಾಪುರದಲ್ಲಿ ಸಬಲಾ ಸಂಸ್ಥೆಯನ್ನು ಕಟ್ಟಿದರು. ತಾಂಡಾಗಳ ಲಂಬಾಣಿ ಹೆಂಗಸರು ತಮಗಾಗಿ, ತಮ್ಮ ಹೆಣ್ಣುಮಕ್ಕಳ ಮದುವೆಗಾಗಿ ಹಾಕಿಕೊಳ್ಳುತ್ತಿದ್ದ ಕಸೂತಿಗೆ ಆ ಸಂಸ್ಥೆ ಮಾರುಕಟ್ಟೆ ಹುಡುಕಿತು. ಕನ್ನಡಿ ಬಿಲ್ಲೆಯ ಸುತ್ತ ದಾರವನ್ನು ಬಿಗಿಯಾಗಿ ಎಳೆದು ಕೂಡಿಸುವುದು, ಅಂಚಿಗೆ ಕವಡೆ ಪೋಣಿಸುವುದು, ಬಣ್ಣದ ತುಂಡುಬಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಹೊಲಿಯುವುದು ತಾಯಿಯಿಂದ ಮಗಳಿಗೆ ಬಂದ ಕೈಗುಣ. ಅದೇ ಕೈಗುಣ ಚೀಲ, ದಿಂಬಿನ ಚೀಲಗಳ ಮೇಲೆ ಕೂತು ಹೊರದೇಶಗಳ ಅಂಗಡಿ ಸೇರಿತು. ಮುಂದೆ ಇದೇ ಪ್ರಯತ್ನದ ಬಳಗದಿಂದ ಚೈತನ್ಯ ಮಹಿಳಾ ಸಹಕಾರಿ ಬ್ಯಾಂಕ್ ಹುಟ್ಟಿತು.

ಸಮಖ್ಯಾ ಹಿಡಿದ ದಾರಿ ಬೇರೆ. ಅದು ದುಡಿಮೆಯಿಂದ ಆರಂಭಿಸಲಿಲ್ಲ, ಮಾತಿನಿಂದ ಆರಂಭಿಸಿತು. ಒಬ್ಬ ಸಹಯೋಗಿನಿಗೆ ಸುಮಾರು ಹತ್ತು ಹಳ್ಳಿ. ಬಹಳಷ್ಟು ಜನ ಇದೇ ಸೀಮೆಯ ಹೆಣ್ಣುಮಕ್ಕಳು. ಬಸ್ ಇದ್ದಲ್ಲಿ ಬಸ್, ಇಲ್ಲದಲ್ಲಿ ನಡಿಗೆ. ಮೊದಲು ಹೋಗುತ್ತಿದ್ದದ್ದು ದಲಿತರ ಕೇರಿಗೆ, ಭೂಮಿ ಇಲ್ಲದ ಕೂಲಿಕಾರರ ಓಣಿಗೆ. ಹಗಲು ಹೋದರೆ ಮನೆಗಳಿಗೆ ಬೀಗ. ಹೊಲದಿಂದ ಬಂದು, ರೊಟ್ಟಿ ಬಡಿದು, ಎಲ್ಲರಿಗೂ ಉಣ್ಣಲಿಕ್ಕಿಟ್ಟು, ಮುಸುರೆ ತೊಳೆದ ಮೇಲೆಯೇ ಹೆಂಗಸರಿಗೆ ಪುರಸೊತ್ತು. ಅದಕ್ಕೇ ಹೀಗೆ ಕೂಡಿದ ಹೆಂಗಸರ ಸಂಘದ ಸಭೆಗಳು ರಾತ್ರಿ ನಡೆದವು, ಸಹಯೋಗಿನಿಯರು ಊರಲ್ಲೇ ಉಳಿದರು. ಹೀಗೆ ಹೊತ್ತಲ್ಲದ ಹೊತ್ತಿನಲ್ಲಿ ಓಡಾಡುವ ಹೆಣ್ಣಿನ ಬಗ್ಗೆ ಊರು ಆಡಿಕೊಳ್ಳುವುದನ್ನೂ ಅವರು ಸಹಿಸಬೇಕಿತ್ತು.

ಮೊದಲ ಸಭೆಗಳಲ್ಲಿ ಬಂದ ಮಾತುಗಳು ಕುಡಿಯುವ ನೀರಿನವು, ಕೆಟ್ಟುನಿಂತ ಬೋರ್‌ವೆಲ್‌ನವು, ಗಂಡಾಳಿಗಿಂತ ಕಡಿಮೆ ಕೂಲಿಯವು, ಕುಡಿದು ಬಂದು ಬಡಿಯುವ ಗಂಡನವು. ಇದರಲ್ಲಿ ಓದು ಎಲ್ಲಿದೆ ಎಂದು ಕೇಳಬಹುದು. ತಾಲ್ಲೂಕು ಕಚೇರಿಗೆ ಅರ್ಜಿ ಕೊಡಬೇಕಾದಾಗ ಅದನ್ನು ಬರೆಯುವವರು ಬೇಕಾದರು. ಕೊಟ್ಟ ಅರ್ಜಿಗೆ ಬಂದ ಉತ್ತರ ಓದುವವರು ಬೇಕಾದರು. ಬ್ಯಾಂಕಿನಲ್ಲಿ ಸಂಘದ ಖಾತೆ ತೆರೆದಾಗ ಹೆಬ್ಬೆಟ್ಟಿನ ಬದಲು ಸಹಿ ಹಾಕುವ ಹಟ ಹುಟ್ಟಿತು. ಅಕ್ಷರ ಬೇಕೆಂಬ ಬೇಡಿಕೆ ಸಂಘದ ಒಳಗಿನಿಂದಲೇ ಎದ್ದಿತು. ಸಮಖ್ಯಾದ ಹೆಚ್ಚುಗಾರಿಕೆ ಇಲ್ಲಿದೆ.

ಹಣದ ವಿಷಯದಲ್ಲೂ ಕರ್ನಾಟಕದ ಸಂಘಗಳದ್ದು ಬೇರೆಯೇ ದಾರಿ. ಊರಿನ ಮುಂದಾಳಿಗೆ ತಿಂಗಳ ಗೌರವಧನ ಎಂಬುದು ಮೂಲ ಯೋಜನೆ. ಒಬ್ಬಳಿಗೆ ಸಂಬಳ ಬಂದರೆ ಉಳಿದವರು ಹಿಂದೆ ಸರಿಯುತ್ತಾರೆಂದು ಆ ಹಣವನ್ನು ಇಡೀ ಸಂಘದ ನಿಧಿಗೆ ಹಾಕುವ ಪದ್ಧತಿ ಇಲ್ಲಿ ಬಂತು. ಅದನ್ನು ಹೇಗೆ ಖರ್ಚು ಮಾಡಬೇಕು, ಯಾರಿಗೆ ಕೈಗಡ ಕೊಡಬೇಕು ಎಂಬುದನ್ನು ಸದಸ್ಯರು ಕೂಡಿ ತೀರ್ಮಾನಿಸಬೇಕು.

ಇನ್ನೊಂದು ತೊಡಕು ಜಾಗದ್ದು. ಗುಡಿಯ ಕಟ್ಟೆ, ಚಾವಡಿ, ಅರಳಿಕಟ್ಟೆ ಗಂಡಸರವು. ದಲಿತ ಹೆಂಗಸರಿಗಂತೂ ಅಲ್ಲಿ ಕೂಡ್ರುವ ಮಾತೇ ಇಲ್ಲ. ಯಾರದೋ ಮನೆಯ ಮುಂದೆ ಕೂತರೆ ಆ ಮನೆಯ ಯಜಮಾನನ ಕಿವಿ ಇತ್ತಲೇ. ಹೀಗಾಗಿ ಸಂಘದ ಮನೆ ಎಂಬ ಬೇಡಿಕೆ ಬಂತು. ಕಟ್ಟಲು ಕಾರ್ಯಕ್ರಮದಿಂದ ಅನುದಾನವಿತ್ತು, ಆದರೆ ಜಾಗವನ್ನು ಹೆಂಗಸರೇ ಸಂಪಾದಿಸಬೇಕಿತ್ತು, ಅದೂ ಸಂಘದ ಹೆಸರಿನಲ್ಲಿ. ಅದಕ್ಕಾಗಿ ಪಂಚಾಯಿತಿಗೆ ಎಡತಾಕುವುದು, ಅಧ್ಯಕ್ಷರನ್ನು ಕಾಡುವುದು, ಕೊಟ್ಟ ಜಾಗಕ್ಕೆ ತಕರಾರು ಬಂದರೆ ಮತ್ತೆ ಮೊದಲಿನಿಂದ ಹತ್ತುವುದು. ಒಂದು ಕೋಣೆಯ ಮನೆಗಾಗಿ ನಡೆಸಿದ ಈ ಓಡಾಟದಲ್ಲೇ ಅವರಿಗೆ ಆಡಳಿತದ ಒಳದಾರಿಗಳು ಪರಿಚಯವಾದವು. ತಮ್ಮ ಹೆಸರಲ್ಲಿ ಗೇಣು ನೆಲವೂ ಇಲ್ಲದವರು ಕೂಡಿ ಊರಲ್ಲೊಂದು ಆಸ್ತಿ ಮಾಡಿಕೊಂಡರು. ಸಭೆ, ರಾತ್ರಿ ಶಾಲೆ, ಹಗಲು ಕೂಸುಗಳನ್ನು ನೋಡಿಕೊಳ್ಳುವ ಬಾಲವಾಡಿ ಎಲ್ಲಕ್ಕೂ ಆ ಕೋಣೆ ಒದಗಿತು.

ಈ ತರಬೇತಿ ಸರಿಯಾದ ಹೊತ್ತಿಗೆ ಉಪಯೋಗಕ್ಕೆ ಬಂತು. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಕರ್ನಾಟಕ ಹೆಂಗಸರಿಗೆ ನಾಲ್ಕರಲ್ಲೊಂದು ಸ್ಥಾನ ಮೀಸಲಿಟ್ಟಿತ್ತು. ಸಂವಿಧಾನದ 73ನೇ ತಿದ್ದುಪಡಿಯ ನಂತರ, 1993ರ ಡಿಸೆಂಬರಿನಲ್ಲಿ ನಡೆದ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಅದು ಮೂರರಲ್ಲೊಂದಾಯಿತು. ಸಂಘದಲ್ಲಿ ಮಾತಾಡಿ ರೂಢಿಯಿದ್ದವರಿಗೆ ಪಂಚಾಯಿತಿಯ ಕುರ್ಚಿ ಅಷ್ಟು ಪರಕೀಯ ಅನಿಸಲಿಲ್ಲ. ಸಂಘದೊಳಗೆ ಶಿಕ್ಷಣ, ಆರೋಗ್ಯ, ಕಾನೂನು, ಪಂಚಾಯತ್ ರಾಜ್, ಆರ್ಥಿಕ ಅಭಿವೃದ್ಧಿಗೆಂದು ಬೇರೆ ಬೇರೆ ಸಮಿತಿಗಳು ಬಂದವು. ಶಾಲೆ ಬಿಟ್ಟ ಹೆಣ್ಣುಮಕ್ಕಳಿಗಾಗಿ ವಸತಿಯುಳ್ಳ ಮಹಿಳಾ ಶಿಕ್ಷಣ ಕೇಂದ್ರಗಳು ತೆರೆದವು. ಎಳವೆಯಲ್ಲೇ ಮದುವೆಗೆ ನೂಕಲ್ಪಡುತ್ತಿದ್ದವರು, ದೇವದಾಸಿಯರ ಮಕ್ಕಳು, ಕೂಲಿಗೆ ಹತ್ತಿದ್ದ ಹುಡುಗಿಯರು ಅಲ್ಲಿ ಉಳಿದು ಓದಿ ಏಳನೇ ತರಗತಿಯ ಪರೀಕ್ಷೆಗೆ ಕೂತರು.

2000ದಲ್ಲಿ ರಾಜ್ಯ ಸರ್ಕಾರ ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಸ್ತ್ರೀಶಕ್ತಿ ಗುಂಪುಗಳನ್ನು ಕಟ್ಟತೊಡಗಿತು. ಉಳಿತಾಯ, ಸಾಲ, ಬಡ್ಡಿ ಲೆಕ್ಕ ಊರೂರಿಗೆ ತಲುಪಿತು. ಅದರಿಂದ ಲೇವಾದೇವಿಯವರ ಹಿಡಿತ ಸಡಿಲವಾದದ್ದು ನಿಜ. ಆದರೆ ಕೂಲಿ, ಹೊಡೆತ, ಜಾತಿ ಕುರಿತ ಮಾತಿಗೆ ಸಾಲದ ಕಂತು ಕಟ್ಟುವ ಸಭೆಯಲ್ಲಿ ವೇಳೆ ಸಿಗುವುದು ಕಷ್ಟ. 2016ರಲ್ಲಿ ಮಹಿಳಾ ಸಮಖ್ಯಾಕ್ಕೆ ಕೇಂದ್ರದ ನೆರವು ನಿಂತು, ಜೀವನೋಪಾಯ ಯೋಜನೆಯೊಂದಿಗೆ ಅದನ್ನು ಬೆರೆಸುವ ನಿರ್ಧಾರವಾಯಿತು. ಆಗ ಕಳೆದುಹೋದದ್ದು ಆ ಮಾತಿನ ವೇಳೆ.

ಸಂಘಗಳ ಕೆಲಸ ಮುಗಿದಿತ್ತೆಂದು ಹೇಳಲಾಗದು. 2011ರ ಜನಗಣತಿಯಲ್ಲಿ ವಿಜಾಪುರ ಜಿಲ್ಲೆಯ ಗಂಡಸರಲ್ಲಿ ಅಕ್ಷರಸ್ಥರು ನೂರಕ್ಕೆ 77, ಹೆಂಗಸರಲ್ಲಿ 57ರಷ್ಟು. ಇದೇ ಜಿಲ್ಲೆಯಲ್ಲಿ 2003ರಲ್ಲಿ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ಆರಂಭವಾಗಿ, 2017ರಲ್ಲಿ ಅಕ್ಕಮಹಾದೇವಿಯ ಹೆಸರು ಪಡೆದಿದೆ. ಸಂಘದ ಹೆಂಗಸರ ಮೊಮ್ಮಕ್ಕಳ ವಾರಗೆಯವರು ಅಲ್ಲಿ ಪದವಿ ಓದುತ್ತಿದ್ದಾರೆ.

ಆ ವಿಶ್ವವಿದ್ಯಾಲಯಕ್ಕೆ ಮಾಡಲು ತುರ್ತಾದ ಒಂದು ಕೆಲಸವಿದೆ. ಸಂಘಗಳು ಸಭೆಯ ಠರಾವುಗಳನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದವು. ಮೊದಲ ಪುಟಗಳಲ್ಲಿ ಸಾಲುಸಾಲು ಹೆಬ್ಬೆಟ್ಟು, ಮುಂದಿನವುಗಳಲ್ಲಿ ತಿದ್ದಿ ತಿದ್ದಿ ಹಾಕಿದ ಸಹಿ. ಯಾವ ವರ್ಷ ಯಾವ ಬೋರ್‌ವೆಲ್‌ಗೆ ಅರ್ಜಿ ಹೋಯಿತು, ಯಾರ ಮಗಳ ಮದುವೆ ನಿಂತಿತು, ಎಷ್ಟು ಕೂಲಿಗೆ ಪಟ್ಟು ಹಿಡಿದರು ಎಂಬುದಕ್ಕೆ ಅವೇ ಆಧಾರ. ಗೆದ್ದಲು ಹಿಡಿಯುವ ಮೊದಲು ಇಂಡಿಯಿಂದ ಮುದ್ದೇಬಿಹಾಳದವರೆಗೆ ಈ ಪುಸ್ತಕಗಳನ್ನು ಹುಡುಕಿ ತೆಗೆಯಬೇಕು. ಬದುಕಿರುವ ಸಹಯೋಗಿನಿಯರನ್ನೂ ಸದಸ್ಯೆಯರನ್ನೂ ಕೂರಿಸಿ, ಅವರ ಮಾತನ್ನು ಧ್ವನಿಮುದ್ರಿಸಿ ಜೊತೆಗಿಡಬೇಕು.