ಹಳೆಯ ಕಾರು ಮತ್ತು ಒಂದು ಸಹಿ

ಕಳೆದ ವಾರ ನನ್ನ ಅಕ್ಕನ ಮೊಮ್ಮಗ ದೂರವಾಣಿ ಮಾಡಿ, ತನ್ನ ಎಂಟು ವರ್ಷದ ಕಾರನ್ನು ಮಾರಿದೆನೆಂದೂ ಹಣ ಅಂದೇ ಬ್ಯಾಂಕಿಗೆ ಬಂದು ಬಿತ್ತೆಂದೂ ಸಂತೋಷದಿಂದ ಹೇಳಿದ. "ಹೆಸರು ವರ್ಗಾವಣೆ ಆಯ್ತೇನೋ?" ಎಂದು ಕೇಳಿದೆ. "ಅದನ್ನೆಲ್ಲ ತಗೊಂಡವರೇ ಮಾಡಿಸ್ಕೊಳ್ತಾರೆ ಅಜ್ಜ, ನಾನು ಫಾರಂಗೆ ಸಹಿ ಹಾಕಿ ಕೊಟ್ಟಿದೀನಿ" ಎಂದ. ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಏಕೆಂದರೆ ೧೯೯೭ರಲ್ಲಿ ನಾನೂ ಇದೇ ಮಾತನ್ನು, ಇಷ್ಟೇ ನಿಶ್ಚಿಂತೆಯಿಂದ ಆಡಿದ್ದೆ. ಅದರ ಕಥೆಯನ್ನು ಇದುವರೆಗೆ ಮನೆಯವರ ಹೊರತು ಯಾರಿಗೂ ಹೇಳಿದವನಲ್ಲ. ಇಂದು ಹೇಳಬೇಕೆನ್ನಿಸಿದೆ. ಆದರೆ ಚರಿತ್ರೆಯ ಮೇಷ್ಟ್ರಾದ್ದರಿಂದ ಸ್ವಲ್ಪ ಹಿಂದಿನಿಂದಲೇ ಆರಂಭಿಸುತ್ತೇನೆ. ನನ್ನ ಈ ಅಭ್ಯಾಸ ನಿಮಗೆಲ್ಲ ಗೊತ್ತಿರುವುದೇ.

ನಮ್ಮ ದೇಶದಲ್ಲಿ ಕಾರು ತಯಾರಿಸಬೇಕೆಂಬ ಕನಸು ಕಂಡವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಮೊದಲಿಗರು. ೧೯೩೦ರ ದಶಕದಲ್ಲಿ ಅವರು ಇದಕ್ಕಾಗಿ ಯೋಜನೆಯನ್ನೇ ಸಿದ್ಧಪಡಿಸಿ ಯುರೋಪು, ಅಮೆರಿಕಗಳನ್ನು ಸುತ್ತಿ ಬಂದರು. ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯಲಿಲ್ಲ. ಅವರೊಡನೆ ಈ ಕನಸನ್ನು ಹಂಚಿಕೊಂಡಿದ್ದ ವಾಲ್‌ಚಂದ್ ಹೀರಾಚಂದರು ೧೯೪೪ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಅದಕ್ಕೆ ಎರಡು ವರ್ಷ ಮೊದಲೇ ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟಾರ್ಸ್ ಹುಟ್ಟಿತ್ತು. ೧೯೨೮ರಿಂದ ಮುಂಬಯಿಯಲ್ಲಿ ಬಿಡಿಭಾಗ ತರಿಸಿ ಕಾರು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್‌ನಂಥ ವಿದೇಶಿ ಕಂಪನಿಗಳು, ಇಲ್ಲಿಯೇ ತಯಾರಿಸುವವರಿಗೆ ಮಾತ್ರ ಅವಕಾಶವಿರಲಿ ಎಂದು ೧೯೫೩ರಲ್ಲಿ ಸುಂಕ ಆಯೋಗವು ಶಿಫಾರಸು ಮಾಡಿದ ಮೇಲೆ ಗಂಟುಮೂಟೆ ಕಟ್ಟಿದವು. ೧೯೬೦ರ ದಶಕದ ಹೊತ್ತಿಗೆ ಸಾಮಾನ್ಯರ ಕಣ್ಣಿಗೆ ಬೀಳುತ್ತಿದ್ದ ದೇಶೀ ಕಾರುಗಳು ಮೂರೇ: ಉತ್ತರಪಾಡಾದ ಅಂಬಾಸಿಡರ್, ಮುಂಬಯಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್.

ಮೂರೂ ಕಂಪನಿಗಳು ಸೇರಿ ತಯಾರಿಸುತ್ತಿದ್ದುದು ಬೇಡಿಕೆಗೆ ಏನೇನೂ ಸಾಲುತ್ತಿರಲಿಲ್ಲ. ಯಾರಿಗೆ ಯಾವಾಗ ಕಾರು ಎಂಬುದನ್ನು ಸರ್ಕಾರದ ೧೯೫೯ರ ನಿಯಂತ್ರಣಾದೇಶವೇ ನಿರ್ಧರಿಸುತ್ತಿತ್ತು. ಠೇವಣಿ ಇಟ್ಟು, ಹೆಸರು ಬರೆಸಿ, ಸರದಿ ಬರುವವರೆಗೆ ವರ್ಷಗಟ್ಟಲೆ ಕಾಯಬೇಕಿತ್ತು. ಬೆಲೆಯೂ ಸರ್ಕಾರದ ಹಿಡಿತದಲ್ಲಿತ್ತು. ೧೯೬೯ರಲ್ಲಿ ಶಾಸನಬದ್ಧವಾಗಿ ಬೆಲೆ ಗೊತ್ತುಪಡಿಸಿದಾಗ ಒಂದು ಕಾರಿನ ದರ ಹದಿನೈದು ಸಾವಿರದ ಆಸುಪಾಸಿನಲ್ಲಿತ್ತು. ಕಂಪನಿಗಳು ಇದರ ವಿರುದ್ಧ ಸುಪ್ರೀಂ ಕೋರ್ಟಿನವರೆಗೂ ಹೋದವು.

ಇದರಿಂದ ಹುಟ್ಟಿದ ವಿಚಿತ್ರವನ್ನು ಗಮನಿಸಿ. ಹೊಸ ಕಾರಿಗೆ ಸರ್ಕಾರದ ದರ, ಹಳೆಯ ಕಾರಿಗೆ ಸಂತೆಯ ದರ. ಹೊಸದು ನಾಲ್ಕಾರು ವರ್ಷಗಳ ನಂತರ ಬರುವ ಭರವಸೆ. ಹಳೆಯದು ಈ ಸಂಜೆಯೇ ಅಂಗಳಕ್ಕೆ ಬರುವ ವಸ್ತು. ಹೀಗಾಗಿ ಒಂದೆರಡು ವರ್ಷ ಓಡಿಸಿದ ಫಿಯಟ್ಟಿಗೆ ಹೊಸದಕ್ಕಿಂತ ಹೆಚ್ಚಿನ ಬೆಲೆ! ಇಂದಿನ ಮಕ್ಕಳು ಇದನ್ನು ನಂಬುವುದಿಲ್ಲ.

ನನ್ನ ಭಾವನವರು ೧೯೬೬ರಲ್ಲಿ ಏಳು ವರ್ಷ ಹಳೆಯದಾದ ಒಂದು ಫಿಯಟ್ ಕಾರನ್ನು ಶಿವಮೊಗ್ಗದಿಂದ ತಂದರು. ಆ ವರ್ಷದ ಅಡಕೆಯ ಹಣವೆಲ್ಲ ಅದಕ್ಕೇ ಹೋಯಿತೆಂದು ಅಕ್ಕ ಬಹಳ ಕಾಲ ಗೊಣಗುತ್ತಿದ್ದಳು. ಆ ಕಾರಿನ ಮೀಟರಿನಲ್ಲಿದ್ದುದು ಐದೇ ಅಂಕಿ. ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ದಾಟಿದರೆ ಮತ್ತೆ ಸೊನ್ನೆ. ಮಾರಿದವರು "ಮೂವತ್ತು ಸಾವಿರ ಓಡಿದೆ" ಎಂದಿದ್ದರು. ನಮ್ಮೂರಿನ ಗ್ಯಾರೇಜಿನ ಸಾಬರು ಮೀಟರನ್ನು ನೋಡಲೇ ಇಲ್ಲ. ಬ್ರೇಕಿನ ಪೆಡಲ್ಲಿನ ರಬ್ಬರು ನೋಡಿದರು, ಬಾಗಿಲನ್ನು ಎತ್ತಿ ಅಲ್ಲಾಡಿಸಿದರು, ಹೊಗೆಯ ಬಣ್ಣ ನೋಡಿದರು. ನೀಲಿ ಹೊಗೆ. "ಎಣ್ಣೆ ಸುಡ್ತಾ ಇದೆ ಸ್ವಾಮಿ, ಇದು ಒಂದು ಸುತ್ತು ಮುಗಿಸಿ ಬಂದ ಮೂವತ್ತು" ಎಂದರು. ಇಂಜಿನ್ ಬಿಚ್ಚಿ ರಿಂಗು ಬದಲಿಸುವುದರೊಳಗೆ ಎರಡು ತಿಂಗಳು ಕಳೆಯಿತು. ಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಬಸ್ಸಿನಲ್ಲಿ ಹೋಗಿ ಬಂದವನು ನಾನೇ. ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ.

ಆ ಕಾಲದಲ್ಲಿ ಹಳೆಯ ಕಾರನ್ನು ಸಾಕುವುದೆಂದರೆ ಯಂತ್ರದೊಡನೆ ನಿತ್ಯ ಸಂಸಾರ. ಚಳಿಗಾಲದ ಬೆಳಗ್ಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಬೇಕು. ಪ್ಲಗ್ಗುಗಳನ್ನು ಬಿಚ್ಚಿ ಕರಿ ಒರೆಸಬೇಕು, ಪಾಯಿಂಟುಗಳನ್ನು ಮರಳುಕಾಗದದಿಂದ ಉಜ್ಜಬೇಕು. ಆಗುಂಬೆ ಘಾಟಿಯನ್ನು ಮಧ್ಯಾಹ್ನ ಹತ್ತುವಾಗ ಅರ್ಧದಲ್ಲಿ ಕಾರು ನಿಂತುಬಿಡುತ್ತಿತ್ತು. ಇಂಜಿನ್ನಿನ ಕಾವಿಗೆ ಕೊಳವೆಯೊಳಗಿನ ಪೆಟ್ರೋಲು ಆವಿಯಾಗಿ, ಪಂಪು ಅದನ್ನು ಎಳೆಯಲಾರದೆ ಸೋಲುತ್ತಿತ್ತು. ಭಾವನವರು ಇಳಿದು, ಹೆಗಲ ಮೇಲಿನ ಚೌಕವನ್ನು ನೀರಿನಲ್ಲಿ ಅದ್ದಿ ಪಂಪಿನ ಮೇಲೆ ಹೊದಿಸಿ, ಎಲೆಯಡಕೆ ಹಾಕಿಕೊಂಡು ಕುಳಿತುಬಿಡುತ್ತಿದ್ದರು. ಕಾಲು ಗಂಟೆಯಲ್ಲಿ ಕಾರು ಹೊರಡುತ್ತಿತ್ತು. ಇದನ್ನು ಅವರಿಗೆ ಹೇಳಿಕೊಟ್ಟವರೂ ಸಾಬರೇ. ಸಾಬರು ಶಾಲೆಗೆ ಹೋದವರಲ್ಲ. ಆದರೆ ನನಗೆ ಭೌತಶಾಸ್ತ್ರ ಅರ್ಥವಾದದ್ದು ಅವರ ಗ್ಯಾರೇಜಿನಲ್ಲಿ.

ಈ ಕೊರತೆಯ ಯುಗ ಕೊನೆಗೊಳ್ಳತೊಡಗಿದ್ದು ಮಾರುತಿ ಬಂದ ಮೇಲೆ. ೧೯೮೨ರಲ್ಲಿ ಜಪಾನಿನ ಸುಜುಕಿಯೊಡನೆ ಒಪ್ಪಂದವಾಗಿ, ೧೯೮೩ರ ಡಿಸೆಂಬರ್ ೧೪ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ ೮೦೦ ಕಾರಿನ ಕೀಲಿಕೈಯನ್ನು ಹಸ್ತಾಂತರಿಸಿದರು. ಲಕ್ಷಕ್ಕೂ ಮಿಕ್ಕಿ ಜನ ಮುಂಗಡ ಕಟ್ಟಿ ಕಾದಿದ್ದರು. ಅದು ರಸ್ತೆಗಿಳಿದಂತೆ ಹಳೆಯ ಫಿಯಟ್, ಅಂಬಾಸಿಡರ್‌ಗಳ ಬೆಲೆ ಇಳಿಯಿತು. ಆಗಲೇ ನನ್ನಂಥ ಪ್ರೌಢಶಾಲೆಯ ಮೇಷ್ಟ್ರಿಗೂ ಕಾರಿನ ಆಸೆ ಹುಟ್ಟಿದ್ದು. ೧೯೮೭ರಲ್ಲಿ ಇಪ್ಪತ್ತೆರಡು ಸಾವಿರ ಕೊಟ್ಟು, ಹದಿನಾಲ್ಕು ವರ್ಷದ ಹಾಲು ಬಣ್ಣದ ಫಿಯಟ್ ಕೊಂಡೆ. ನೋಂದಣಿ ಸಂಖ್ಯೆ ಎಂ.ವೈ. ಅಕ್ಷರಗಳಿಂದ ಆರಂಭವಾಗುತ್ತಿತ್ತು, ರಾಜ್ಯದ ಹೆಸರು ಕರ್ನಾಟಕವಾದರೂ ನನ್ನ ಕಾರು ಮಾತ್ರ ಮೈಸೂರಿನಲ್ಲೇ ಉಳಿದಿತ್ತು. ನಿಮ್ಮಲ್ಲಿ ಎಷ್ಟೋ ಜನ ಶಾಲೆ ಬಿಟ್ಟ ಮೇಲೆ ಅದನ್ನು ಇಳಿಜಾರಿನವರೆಗೆ ತಳ್ಳಿದ್ದೀರಿ. ಪರೀಕ್ಷೆಯ ಹಿಂದಿನ ದಿನಗಳಲ್ಲಿ ತಳ್ಳಲು ಮಕ್ಕಳು ಹೆಚ್ಚಾಗುತ್ತಿದ್ದುದನ್ನೂ ನಾನು ಮರೆತಿಲ್ಲ.

ಹತ್ತು ವರ್ಷ ಅದನ್ನು ಸಾಕಿದೆ. ೧೯೯೩ರಲ್ಲಿ ಕಾರು ತಯಾರಿಕೆಗೆ ಪರವಾನಗಿಯ ಕಟ್ಟುಪಾಡು ಹೋಗಿ ಹೊಸ ಹೊಸ ಕಂಪನಿಗಳು ಬಂದವು. ೧೯೯೭ರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು, "ಸಾರ್, ಕಾರು ನನಗೇ ಕೊಡಿ" ಎಂದ. ಹದಿನಾಲ್ಕು ಸಾವಿರಕ್ಕೆ ಕೊಟ್ಟೆ. ಅವನು ತಂದಿದ್ದ ೨೯, ೩೦ನೆಯ ನಮೂನೆಗಳಿಗೆ, ಕೊಳ್ಳುವವರ ಹೆಸರು, ದಿನಾಂಕ ಯಾವುದೂ ಇಲ್ಲದ ಖಾಲಿ ಹಾಳೆಗಳಿಗೆ, ಸಹಿ ಮಾಡಿ ಆರ್.ಸಿ. ಪುಸ್ತಕದೊಡನೆ ಕೈಗಿತ್ತೆ. "ಹೆಸರು ನೀನೇ ಮಾಡಿಸ್ಕೋಪ್ಪ" ಎಂದೆ. ಕಾರಿಗೆ ಅರಿಶಿನ ಕುಂಕುಮ ಹಚ್ಚಿ ಕಳಿಸಿಕೊಟ್ಟಳು ನನ್ನ ಹೆಂಡತಿ. ಅಲ್ಲಿಗೆ ಋಣ ತೀರಿತೆಂದು ತಿಳಿದೆವು.

ನಾಲ್ಕು ವರ್ಷಗಳ ನಂತರ, ೨೦೦೧ರಲ್ಲಿ, ತರಗತಿಯಲ್ಲಿ ಪಾಠ ಮಾಡುತ್ತಿದ್ದಾಗ ಜವಾನ ಬಂದು ಕರೆದ. ಬೇರೊಂದು ಜಿಲ್ಲೆಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಸಮನ್ಸು. ನನ್ನ ಹೆಸರಿನ ಕಾರು, ರಸ್ತೆ ಬದಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಒಬ್ಬ ಹಮಾಲರಿಗೆ ಬಡಿದು ಅವರ ತೊಡೆಯ ಮೂಳೆ ಮುರಿದಿತ್ತು. ನನ್ನ ವಿದ್ಯಾರ್ಥಿ ಆರೇ ತಿಂಗಳಲ್ಲಿ ಕಾರನ್ನು ಬೇರೊಬ್ಬರಿಗೆ ಮಾರಿದ್ದ, ಅವರು ಮತ್ತೊಬ್ಬರಿಗೆ. ನಾನು ಸಹಿ ಹಾಕಿದ ಖಾಲಿ ನಮೂನೆಗಳು ಕಾರಿನ ಜೊತೆಯಲ್ಲೇ ಕೈಯಿಂದ ಕೈಗೆ ಪಯಣಿಸಿದ್ದವು. ಕಚೇರಿಯ ಮೆಟ್ಟಿಲನ್ನು ಮಾತ್ರ ಯಾರೂ ಹತ್ತಿರಲಿಲ್ಲ. ವಿಮೆಯನ್ನೂ ಯಾರೂ ಕಟ್ಟಿರಲಿಲ್ಲ.

ಕಾನೂನು ಸ್ಪಷ್ಟವಾಗಿಯೇ ಇತ್ತು. ೧೯೮೮ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ಸಾಲ ಅಥವಾ ಬಾಡಿಗೆ ಕರಾರಿನಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ, ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಅದರ ೫೦ನೆಯ ಕಲಮು, ಅದೇ ರಾಜ್ಯದೊಳಗಿನ ಮಾರಾಟವಾದರೆ ಹದಿನಾಲ್ಕು ದಿನಗಳೊಳಗೆ ಮಾರಿದವರೂ, ಮೂವತ್ತು ದಿನಗಳೊಳಗೆ ಕೊಂಡವರೂ ಸಾರಿಗೆ ಕಚೇರಿಗೆ ತಿಳಿಸಬೇಕೆನ್ನುತ್ತದೆ. ನನ್ನ ಪಾಲಿನ ಆ ಒಂದು ಕೆಲಸವನ್ನು ನಾನು ಮಾಡಿರಲಿಲ್ಲ. ಬಡ್ಡಿಯೂ ಸೇರಿ ಎಂಬತ್ತಾರು ಸಾವಿರ ರೂಪಾಯಿಗಳನ್ನು ಕಟ್ಟಬೇಕಾಯಿತು. ಹದಿನಾಲ್ಕು ಸಾವಿರಕ್ಕೆ ಮಾರಿದ ಕಾರಿಗೆ! ಮಗಳ ಮದುವೆಗೆಂದಿದ್ದ ಭವಿಷ್ಯನಿಧಿಯ ಹಣವನ್ನು ತೆಗೆದೆ. ಮದುವೆ ಒಂದು ವರ್ಷ ಮುಂದೆ ಹೋಯಿತು.

ಆಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನು ನೋಡಿರದ ಊರಿನಲ್ಲಿ, ಯಾರೋ ಓಡಿಸಿದ ಕಾರಿಗೆ ನಾನೇಕೆ ತೆರಬೇಕು? ಆದರೆ ನ್ಯಾಯಮಂಡಳಿಯ ಜಗಲಿಯಲ್ಲಿ ಊರುಗೋಲು ಹಿಡಿದು ಕುಳಿತಿದ್ದ ಆ ಹಮಾಲರನ್ನು ಕಂಡ ದಿನ ಸಿಟ್ಟು ಇಳಿಯಿತು. ಮೂಟೆ ಹೊರುವ ಕಾಲು ಅದು. ಕಾರು ಯಾರಿಂದ ಯಾರಿಗೆ ಹೋಯಿತೆಂದು ಊರೂರು ಅಲೆದು ಪತ್ತೆ ಮಾಡಲು ಅವರಿಗೆ ಸಾಧ್ಯವಿತ್ತೇ? ಅವರ ಪಾಲಿಗಿದ್ದ ಗುರುತು ಕಾರಿನ ಸಂಖ್ಯೆಯೊಂದೇ. ಆ ಸಂಖ್ಯೆ ತೋರಿಸಿದ್ದು ನನ್ನನ್ನು. ೨೦೧೮ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದೇ ತತ್ತ್ವವನ್ನು ಎತ್ತಿ ಹಿಡಿಯಿತು. ಅಲ್ಲಿಯೂ ಕಾರು ಹಲವು ಕೈ ಬದಲಿಸಿತ್ತು, ನೋಂದಣಿ ಬದಲಾಗಿರಲಿಲ್ಲ. ನೊಂದವರ ಮೇಲೆ ಮಾಲೀಕರನ್ನು ಹುಡುಕುವ ಹೊರೆ ಹೊರಿಸಲಾಗದು, ನೋಂದಾಯಿತ ಮಾಲೀಕನೇ ಹೊಣೆ ಎಂಬುದು ಆ ತೀರ್ಪಿನ ಸಾರ. ಅದನ್ನು ಪತ್ರಿಕೆಯಲ್ಲಿ ಓದಿದಾಗ ನನಗೆ ಬೇಸರವಾಗಲಿಲ್ಲ, ಸರಿಯೆನಿಸಿತು.

ನಿಮಗೆ ನೆನಪಿರಬಹುದು, ಪ್ರತಿ ವರ್ಷ ನಿಮ್ಮನ್ನು ಬಳ್ಳಿಗಾವೆಗೆ ಕರೆದೊಯ್ದು ದಾನಶಾಸನಗಳನ್ನು ತೋರಿಸುತ್ತಿದ್ದೆ. ಕೊಟ್ಟವರು ಯಾರು, ಪಡೆದವರು ಯಾರು, ಯಾವ ದಿನ, ಭೂಮಿಯ ಎಲ್ಲೆ ಯಾವುದು ಎಂದು ಎಲ್ಲವನ್ನೂ ಕಲ್ಲಿನಲ್ಲಿ ಕೆತ್ತಿಸಿ, ತಪ್ಪಿದವರಿಗೆ ಶಾಪವನ್ನೂ ಬರೆಸುತ್ತಿದ್ದರು. "ಬಾಯಿಮಾತು ಆಡಿದವರೊಡನೆ ಹೋಗುತ್ತದೆ, ಬರೆದದ್ದು ಉಳಿಯುತ್ತದೆ" ಎಂದು ಬೋಧಿಸಿದ ಮೇಷ್ಟ್ರು, ತನ್ನ ಕಾರಿನ ದಾನವನ್ನು ದಿನಾಂಕವೂ ಇಲ್ಲದ ಖಾಲಿ ಹಾಳೆಯಲ್ಲಿ ಮುಗಿಸಿದ್ದ!

ಹಳೆಯ ಕಾರಿನ ತೊಂದರೆಗಳು ಈಗ ಬದಲಾಗಿವೆ. ಅಂಬಾಸಿಡರ್ ತಯಾರಿಕೆ ೨೦೧೪ರಲ್ಲಿ ನಿಂತಿತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ೨೦೨೩ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಪಂಪಿಗೆ ಒದ್ದೆ ಬಟ್ಟೆ ಹೊದಿಸುವವರು ಇಂದು ಯಾರೂ ಇಲ್ಲ. ಯಂತ್ರದ ಕಾಟ ಕಡಿಮೆಯಾಗಿ ಕಾಗದದ ಕಾಟ ಹೆಚ್ಚಿದೆ. ಕೊಳ್ಳುವವರು ಸರ್ಕಾರದ ವಾಹನ್ ಜಾಲತಾಣದಲ್ಲಿ ಸಂಖ್ಯೆ ಹಾಕಿ, ಎಷ್ಟನೆಯ ಮಾಲೀಕರು, ಸಾಲದ ಒತ್ತೆ ತೀರಿದೆಯೇ, ವಿಮೆ ಎಂದಿನವರೆಗಿದೆ, ದಂಡ ಬಾಕಿಯಿದೆಯೇ ಎಂದು ನೋಡಲೇಬೇಕು. ಮೀಟರಿನಲ್ಲಿ ಅಂಕಿಗಳು ಹೆಚ್ಚಿವೆಯಾದರೂ ಅವನ್ನು ತಿದ್ದುವವರೂ ಇದ್ದಾರೆ. ಸರ್ವಿಸ್ ದಾಖಲೆಯನ್ನು ಕೇಳಿ ಪಡೆಯಿರಿ, ಸಾಬರಂತೆ ಪೆಡಲ್ಲಿನ ರಬ್ಬರನ್ನೂ ನೋಡಿ. ಮಾರುವವರು ಖಾಲಿ ನಮೂನೆಗೆ ಎಂದೂ ಸಹಿ ಹಾಕಬೇಡಿ. ಕಾರು ಒಪ್ಪಿಸಿದ ದಿನ, ಗಂಟೆಗಳನ್ನು ಬರೆದು ಇಬ್ಬರೂ ಸಹಿ ಮಾಡಿ, ಫಾಸ್ಟ್ಯಾಗ್ ಮುಚ್ಚಿಸಿ, ಹೊಸ ಹೆಸರು ದಾಖಲೆಯಲ್ಲಿ ಕಾಣುವವರೆಗೆ ವ್ಯವಹಾರ ಮುಗಿಯಿತೆಂದು ತಿಳಿಯಬೇಡಿ. ವ್ಯಾಪಾರಿಗೆ ಮಾರಿದರೆ, ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ನಿಯಮದಂತೆ ಅವರಿಗೆ ಸಾರಿಗೆ ಇಲಾಖೆಯ ಅಧಿಕಾರಪತ್ರವಿದೆಯೇ ಎಂದು ಕೇಳಿ. ಇದ್ದರೆ, ಕಾರು ಒಪ್ಪಿಸಿದ್ದನ್ನು ಇಲಾಖೆಗೆ ತಿಳಿಸಿದ ಮೇಲೆ ಹೊಣೆ ಅವರದಾಗುತ್ತದೆ.

ಅಂದು ನನ್ನಿಂದ ಕಾರು ಕೊಂಡ ವಿದ್ಯಾರ್ಥಿ ವಿಷಯ ತಿಳಿದು ಓಡಿ ಬಂದು ಕಣ್ಣೀರಿಟ್ಟಿದ್ದ. ತಿಂಗಳಿಗೆ ಐನೂರರಂತೆ ಬಹಳ ವರ್ಷ ಹಣ ಕಳಿಸಿದ, ಸಾಕೆಂದರೂ ಬಿಡಲಿಲ್ಲ. ಈ ಬರಹವನ್ನು ಅವನೂ ಓದುತ್ತಾನೆ. ನೊಂದುಕೊಳ್ಳಬೇಡಪ್ಪ. ತಪ್ಪು ನಿನ್ನದೊಂದೇ ಅಲ್ಲ. ಅಂದು ನಿನ್ನ ಜೊತೆ ಕಚೇರಿಗೆ ಬರಬೇಕಾಗಿದ್ದವನು ನಾನು.

ಅಕ್ಕನ ಮೊಮ್ಮಗನಿಗೆ ಮರುದಿನ ಬೆಳಗ್ಗೆಯೇ ಕರೆ ಮಾಡಿ ಇದನ್ನೆಲ್ಲ ಹೇಳಿದೆ. ಕೊಂಡವರನ್ನು ಕರೆದುಕೊಂಡು ಸೋಮವಾರ ಸಾರಿಗೆ ಕಚೇರಿಗೆ ಹೋಗುತ್ತೇನೆಂದಿದ್ದಾನೆ. ಸೋಮವಾರ ಸಂಜೆ ನಾನೇ ಮತ್ತೊಮ್ಮೆ ವಿಚಾರಿಸುವವನಿದ್ದೇನೆ.