ಎಥೆನಾಲ್ ಟ್ಯಾಂಕರ್: ಚಾಲಕರಿಗೆ ಮೂರು ದಿನಗಳ ತರಬೇತಿ ಕಡ್ಡಾಯ

ಮುಧೋಳ: ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಸುತ್ತಲಿನ ರಸ್ತೆಗಳಲ್ಲಿ ಟ್ರ್ಯಾಕ್ಟರ್‌ಗಳ ಸಾಲಿನ ನಡುವೆಯೇ ಎಥೆನಾಲ್ ಟ್ಯಾಂಕರ್‌ಗಳೂ ಸಂಚರಿಸುತ್ತವೆ. ಪೆಟ್ರೋಲಿಗೆ ಬೆರೆಸಲು ತೈಲ ಕಂಪೆನಿಗಳ ಡಿಪೋಗಳಿಗೆ ಸಾಗುವ ಈ ಸರಕು ಸಕ್ಕರೆ, ಬೆಲ್ಲದಂತಲ್ಲ. ಸುಮಾರು 13 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿಯೇ ಹೊತ್ತಿಕೊಳ್ಳಬಲ್ಲ ಆವಿಯನ್ನು ಸೂಸುವ ಎಥೆನಾಲ್, ವಿಶ್ವಸಂಸ್ಥೆಯ ವರ್ಗೀಕರಣದ ಪ್ರಕಾರ 3ನೇ ವರ್ಗದ ದಹನಶೀಲ ದ್ರವ. ಅದರ ಸಂಖ್ಯೆ 1170. ಬಯಲುಸೀಮೆಯ ಬಿಸಿಲಿಗೆ ಈ ಅಂಕಿಯೇ ಎಚ್ಚರಿಕೆ.

ಆದ್ದರಿಂದಲೇ ಸರಕು ಸಾಗಣೆಯ ಚಾಲನಾ ಪರವಾನಗಿ ಉಳ್ಳವರೆಲ್ಲ ಇಂತಹ ಟ್ಯಾಂಕರ್ ನಡೆಸುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಗೆ 1993ರಲ್ಲಿ ತಂದ ತಿದ್ದುಪಡಿಯಂತೆ, 9ನೇ ನಿಯಮದಡಿ ಚಾಲಕನು ರಾಜ್ಯ ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಮೂರು ದಿನಗಳ ತರಬೇತಿ ಪಡೆದು ಪ್ರಮಾಣಪತ್ರ ಹೊಂದಿರಬೇಕು. ಸಂವಿಧಾನದ 8ನೇ ಪರಿಚ್ಛೇದದ ಒಂದು ಭಾಷೆಯನ್ನೂ ಇಂಗ್ಲಿಷನ್ನೂ ಓದಿ ಬರೆಯಲು ಬಲ್ಲವನಾಗಿರಬೇಕು. ಪರವಾನಗಿಯಲ್ಲಿ ಈ ಅರ್ಹತೆ ನಮೂದಾಗಬೇಕು. ಹಿಂದೆ ಇದರ ಅವಧಿ ಒಂದು ವರ್ಷವಿತ್ತು. 2019ರ ಕಾಯ್ದೆ ತಿದ್ದುಪಡಿ ಅದನ್ನು ಮೂರು ವರ್ಷಕ್ಕೆ ವಿಸ್ತರಿಸಿದೆ.

ಪಠ್ಯಕ್ರಮದಲ್ಲಿ ಸುರಕ್ಷಿತ ಚಾಲನೆ, ಬ್ರೇಕ್ ಅಂತರ, ರಾತ್ರಿ ಸಂಚಾರಗಳಿಗೆ ಸ್ಥಾನವಿದೆ. ಆದರೆ ನಿಜವಾದ ಹೊಸ ಪಾಠವಿರುವುದು ಮೂರನೆಯ ಭಾಗವಾದ ಸರಕಿನ ಸುರಕ್ಷತೆಯಲ್ಲಿ: ಫಲಕದ ಸಂಕೇತಗಳ ಅರ್ಥ, ಕವಾಟಗಳ ಜ್ಞಾನ, ಸೋರಿಕೆ ತಡೆ, ಅಗ್ನಿಶಮನ, ಪ್ರಥಮ ಚಿಕಿತ್ಸೆ, ಜೊತೆಗೆ ಬಾವಿ, ನದಿ, ಕೆರೆಗಳ ರಕ್ಷಣೆ. ಘಟಪ್ರಭಾ ದಂಡೆಯ ಊರಿಗೆ ಈ ಕೊನೆಯ ಅಂಶ ಬಹು ಮುಖ್ಯ. ಎಥೆನಾಲ್ ನೀರಿನಲ್ಲಿ ಪೂರ್ಣವಾಗಿ ಬೆರೆಯುವುದರಿಂದ ಅದನ್ನು ಎಣ್ಣೆಯಂತೆ ಮೇಲಿನಿಂದ ತೆಗೆಯಲಾಗದು. ನೀರಿನಲ್ಲಿ ಅದು ಕೊಳೆಯುವಾಗ ಆಮ್ಲಜನಕ ಕುಗ್ಗಿ ಮೀನುಗಳು ಸಾಯುತ್ತವೆ. ಬೆಂಕಿ ಬಿದ್ದರೆ ಹಗಲಿನಲ್ಲಿ ಅದರ ಮಸುಕು ನೀಲಿ ಜ್ವಾಲೆ ಕಣ್ಣಿಗೆ ಬೀಳುವುದೇ ಕಷ್ಟ. ಸಾಮಾನ್ಯ ನೊರೆ ಒಡೆದುಹೋಗುತ್ತದೆ. ಮದ್ಯಸಾರಕ್ಕೆಂದೇ ತಯಾರಾದ ನೊರೆ ಬೇಕು.

ಹೊಣೆ ಚಾಲಕನೊಬ್ಬನದೇ ಅಲ್ಲ. ಸರಕಿನ ಪೂರ್ಣ ಮಾಹಿತಿಯನ್ನು ಕಳುಹಿಸುವವರು ಕೊಡಬೇಕು. ಚಾಲಕನಿಗೆ ಸಾಕಷ್ಟು ತಿಳಿವಳಿಕೆ ದೊರೆತಿದೆಯೆಂಬುದನ್ನು ವಾಹನದ ಮಾಲೀಕ ಖಚಿತಪಡಿಸಬೇಕು. ತುರ್ತು ಸೂಚನೆಗಳ ‘ಟ್ರೆಮ್ ಕಾರ್ಡ್’ ಕ್ಯಾಬಿನ್‌ನಲ್ಲಿಯೇ ಇರಬೇಕು. ವಾಹನದ ಎರಡು ಬದಿ ಹಾಗೂ ಹಿಂಬದಿಯಲ್ಲಿ ಸರಕಿನ ಹೆಸರು, ಸಂಖ್ಯೆ, ತುರ್ತು ದೂರವಾಣಿ ಇರುವ ಫಲಕ ಕಡ್ಡಾಯ. ಧೂಳು ಮೆತ್ತಿದ ಫಲಕ ಇದ್ದೂ ಇಲ್ಲದಂತೆ.

ಟ್ಯಾಂಕರ್ ಪಲ್ಟಿಯಾದರೆ ಏನಾಗಬಹುದೆಂಬುದನ್ನು ರಾಜ್ಯ ಕಂಡಿದೆ. 2013ರ ಏಪ್ರಿಲ್ 9ರಂದು ಬಂಟ್ವಾಳ ತಾಲ್ಲೂಕಿನ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಉರುಳಿ, ಹರಡಿದ ಅನಿಲಕ್ಕೆ ಬೆಂಕಿ ತಗುಲಿ ರಸ್ತೆ ಬದಿಯ ಮನೆಗಳವರೂ ಪ್ರಾಣ ಕಳೆದುಕೊಂಡರು. ಅಂತಹ ಸಂದರ್ಭದಲ್ಲಿ ಚಾಲಕನು ಕೂಡಲೇ ಸಮೀಪದ ಪೊಲೀಸ್ ಠಾಣೆಗೂ ಮಾಲೀಕನಿಗೂ ತಿಳಿಸಬೇಕೆಂದು 136ನೇ ನಿಯಮ ವಿಧಿಸುತ್ತದೆ. ಸಾರ್ವಜನಿಕರು ಕೊಡ, ಬಕೆಟ್ ಹಿಡಿದು ಹತ್ತಿರ ಹೋಗದೆ, ಗಾಳಿ ಬೀಸಿ ಬರುವ ದಿಕ್ಕಿಗೆ ದೂರ ಸರಿದು, ಫಲಕದಲ್ಲಿನ ಸಂಖ್ಯೆಯನ್ನು 112ಕ್ಕೆ ತಿಳಿಸಬಹುದು.